ಮುಟ್ಟದೆ ಬರೆಯುವ ಯಂತ್ರಕ್ಕೂ ಮುತುವರ್ಜಿ ಬೇಕು

ನಿಮ್ಮ ಅಡುಗೆಮನೆಯ ಹಳೆಯ ಸ್ಟೀಲ್ ಪಾತ್ರೆಯೊಂದನ್ನು ಕೈಗೆತ್ತಿಕೊಂಡು ಅದರ ಅಂಚನ್ನು ನೋಡಿ. ಅಜ್ಜಿಯ ಹೆಸರೋ, ಸೋದರಮಾವನ ಹೆಸರೋ, ‘ಗೃಹಪ್ರವೇಶದ ನೆನಪಿಗೆ’ ಎಂಬ ಸಾಲೋ, ಒಂದು ತಾರೀಖೋ ಅಲ್ಲಿ ಸಿಕ್ಕೀತು. ಹತ್ತಿರದಿಂದ ನೋಡಿದರೆ ಆ ಅಕ್ಷರಗಳು ಗೆರೆಗಳಲ್ಲ, ಸಾಲಾಗಿ ಜೋಡಿಸಿದ ಸಣ್ಣ ಸಣ್ಣ ಚುಕ್ಕೆಗಳು. ಪಾತ್ರೆ ಅಂಗಡಿಯ ಮೂಲೆಯಲ್ಲಿ ಕುಳಿತವರೊಬ್ಬರು ‘ಟರ್ರ್’ ಎಂದು ನಡುಗುವ ವಿದ್ಯುತ್ ಪೆನ್ನು ಹಿಡಿದು ಹೆಸರು ಹಾಕಿಕೊಡುತ್ತಿದ್ದುದು ಐವತ್ತು ದಾಟಿದ ನನ್ನಂಥವರಿಗೆಲ್ಲ ನೆನಪಿದೆ. ಅಕ್ಷರಕ್ಕಿಷ್ಟು ಎಂದು ಲೆಕ್ಕ. ಕಾಗುಣಿತ ತಪ್ಪಿದರೆ ಅಳಿಸುವ ಹಾಗಿರಲಿಲ್ಲ. ತಪ್ಪೂ ಪಾತ್ರೆಯಷ್ಟೇ ಕಾಲ ಬಾಳುತ್ತಿತ್ತು!

ಆ ಪೆನ್ನಿನ ಜಾಗಕ್ಕೆ ಈಗ ಬೆಳಕು ಬಂದಿದೆ. ಲೇಸರ್ ಮಾರ್ಕಿಂಗ್ ಯಂತ್ರ ಪಾತ್ರೆಯನ್ನು ಮುಟ್ಟುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಕಿಡಿಗಳ ಸಾಲೊಂದು ಓಡಿದಂತಾಗುತ್ತದೆ, ಹೆಸರು ಮೂಡಿರುತ್ತದೆ. ಬೈಕಿನ ಬೇರಿಂಗ್, ಡ್ರಿಲ್ ಬಿಟ್, ಮೊಬೈಲ್ ಚಾರ್ಜರ್, ಬಹುಮಾನದ ಫಲಕ, ಕೀಲಿಗೊಂಚಲು ಹೀಗೆ ನಾವು ದಿನವೂ ಮುಟ್ಟುವ ಎಷ್ಟೋ ವಸ್ತುಗಳ ಮೇಲಿನ ಅಂಕಿ–ಅಕ್ಷರಗಳು ಇಂಥ ಯಂತ್ರದ ಕೈಬರಹವೇ.

ಅಮ್ಮನ ಹೊಸ ಉಂಗುರವಿದ್ದರೆ ಅದರ ಒಳಮೈಯನ್ನೂ ಭೂತಗನ್ನಡಿಯಲ್ಲಿ ನೋಡಿ. ಭಾರತೀಯ ಮಾನಕ ಬ್ಯೂರೊದ ಮುದ್ರೆ, ‘22ಕೆ916’ ಎಂಬ ಶುದ್ಧತೆಯ ಗುರುತು, ಪಕ್ಕದಲ್ಲಿ ಆರು ಅಂಕಿ–ಅಕ್ಷರಗಳ ಒಂದು ಸಂಖ್ಯೆ ಕಾಣುತ್ತದೆ. 916 ಎಂದರೆ ಸಾವಿರದಲ್ಲಿ 916 ಪಾಲು ಚಿನ್ನ. 22ನ್ನು 24ರಿಂದ ಭಾಗಿಸಿ, ಲೆಕ್ಕ ತಾಳೆಯಾಗುತ್ತದೆ. ಆರು ಅಂಕಿ–ಅಕ್ಷರಗಳ ಸಂಖ್ಯೆಗೆ ಎಚ್‌ಯುಐಡಿ ಎಂದು ಹೆಸರು. 2021ರ ಜುಲೈ 1ರಿಂದ ಬಳಕೆಗೆ ಬಂದ ಈ ಸಂಖ್ಯೆ ಪ್ರತಿ ಒಡವೆಗೂ ಬೇರೆ ಬೇರೆ. 2023ರ ಏಪ್ರಿಲ್ 1ರಿಂದ, ಹಾಲ್‌ಮಾರ್ಕ್ ಕಡ್ಡಾಯವಿರುವ ಕಡೆ ಅದಿಲ್ಲದ ಚಿನ್ನದ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಒಡವೆಯ ವಿವರ ತಿಳಿಯುತ್ತದೆ. ಅಷ್ಟು ಸಣ್ಣ ಅಕ್ಷರವನ್ನು ಒಡವೆ ಸೊಟ್ಟಗಾಗದಂತೆ ಬರೆಯುವುದು ಲೇಸರಿನಿಂದಲೇ ಸಾಧ್ಯ. ಅಕ್ಷರ ಮಂಕಾದರೆ ಓದಲಾಗದು. ಓದಲಾಗದ ಗುರುತು ಇದ್ದೂ ಇಲ್ಲದಂತೆ.

ಈ ಮಂಕಾದ ಅಕ್ಷರದ ವಿಷಯವೇ ನನ್ನನ್ನು ಒಂದು ಭಾನುವಾರ ಮನೆಯಿಂದ ಹೊರಡಿಸಿತು.

ಭಾನುವಾರದ ಫೋನು

ಉತ್ತರಹಳ್ಳಿ ಬೆಂಗಳೂರು ದಕ್ಷಿಣ ತಾಲ್ಲೂಕಿನ ಒಂದು ಹೋಬಳಿ. ಹೊಲ–ತೋಟಗಳ ಊರಾಗಿದ್ದದ್ದು ಈಗ ಬನಶಂಕರಿ, ಪದ್ಮನಾಭನಗರಗಳ ಜೊತೆ ಬೆಸೆದುಕೊಂಡು ನಗರವೇ ಆಗಿಬಿಟ್ಟಿದೆ. ಕೆಂಗೇರಿ ಕಡೆಗೆ ಹೋಗುವ ರಸ್ತೆಯ ಒಂದು ಅಡ್ಡಬೀದಿಯಲ್ಲಿ, ಮನೆಯೊಂದರ ಕೆಳಗಿನ ಶೆಡ್ಡಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಲೇಸರ್ ಯಂತ್ರ ಇಟ್ಟುಕೊಂಡಿದ್ದಾನೆ. ಪಾತ್ರೆಗಳಿಗೆ ಹೆಸರು, ಸಣ್ಣ ಕಾರ್ಖಾನೆಗಳ ಬಿಡಿಭಾಗಗಳಿಗೆ ನಂಬರು ಹಾಕಿಕೊಡುವುದು ಅವನ ಕಸುಬು.

“ಸಾರ್, ಅಕ್ಷರ ಮಂಕಾಗ್ತಾ ಇದೆ. ಮೆಷಿನ್ ಸೋರ್ಸೇ ಹೋಗಿದೆ, ಬದಲಾಯಿಸಬೇಕು ಅಂತಿದಾರೆ. ನಾಳಿದ್ದು ಒಂದು ಮದುವೆಗೆ ನಾನೂರು ಲೋಟ ಕೊಡಬೇಕು” ಎಂದ. ದನಿಯಲ್ಲಿ ಅಳುವಿತ್ತು.

“ತಂದು ಎಷ್ಟು ದಿನವಾಯಿತಪ್ಪಾ?”

“ಎರಡು ವರ್ಷ ಸಾರ್. ಸಾಲದ ಕಂತೇ ಮುಗಿದಿಲ್ಲ.”

ಸೋರ್ಸ್ ಎಂದರೆ ಲೇಸರ್ ಬೆಳಕು ಹುಟ್ಟುವ ಪೆಟ್ಟಿಗೆ. ಯಂತ್ರದ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ನಾನು ಇಂಥ ಯಂತ್ರವನ್ನು ಬಿಚ್ಚಿದವನಲ್ಲ. ನನಗೆ ಗೊತ್ತಿರುವುದು ಹತ್ತನೆಯ ತರಗತಿಯ ಮಸೂರ ಮತ್ತು ಕನ್ನಡಿಯ ಪಾಠ. ಆದರೂ ಒಂದು ಪ್ರಶ್ನೆ ಕೇಳಿದೆ: “ಅಕ್ಷರ ಎಲ್ಲ ಕಡೆಯೂ ಮಂಕೋ, ಒಂದು ಕಡೆ ಮಾತ್ರವೋ?”

ಸ್ವಲ್ಪ ಹೊತ್ತು ಮಾತಿಲ್ಲ. “ಎಡಗಡೆ ಮುಂದಿನ ಮೂಲೆಯಲ್ಲಿ ಜಾಸ್ತಿ ಸಾರ್.”

“ಸರಿ, ಯಾವುದನ್ನೂ ಬದಲಾಯಿಸಬೇಡ. ಬರುತ್ತೇನೆ” ಎಂದು ಚಪ್ಪಲಿ ಮೆಟ್ಟಿದೆ.

ಪೆಟ್ಟಿಗೆಯ ಒಳಗೆ ಏನಿದೆ?

ಅವನ ಶೆಡ್ಡಿಗೆ ಹೋಗುವ ಮೊದಲು ಯಂತ್ರದ ಪರಿಚಯ ಮಾಡಿಕೊಳ್ಳೋಣ. ಪರಮಾಣುಗಳನ್ನು ಪ್ರಚೋದಿಸಿ ಒಂದೇ ತೆರನ ಬೆಳಕನ್ನು ಹೊರಡಿಸಬಹುದೆಂಬ ವಿಚಾರವನ್ನು ಐನ್‌ಸ್ಟೈನ್ 1917ರಲ್ಲೇ ಮಂಡಿಸಿದ್ದರು. ಅದು ಕೈಗೂಡಿದ್ದು 1960ರ ಮೇ 16ರಂದು. ಅಮೆರಿಕದ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರ್ ಕಿರಣ ಹೊರಡಿಸಿದರು. ನಾಲ್ಕೇ ವರ್ಷದಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈ ಆಕ್ಸೈಡ್ ಅನಿಲದ ಲೇಸರ್ ಮಾಡಿದರು. ಮರ, ಚರ್ಮ, ಅಕ್ರಿಲಿಕ್‌ಗಳ ಮೇಲೆ ಬರೆಯಲು ಇಂದಿಗೂ ಆ ಬಗೆಯದೇ ಬಳಕೆ. ಲೋಹಕ್ಕೆ ಬೇಕಾದದ್ದು ಇನ್ನೊಂದು ಬಗೆ.

ನನ್ನ ವಿದ್ಯಾರ್ಥಿಯ ಬಳಿ ಇರುವುದು ಫೈಬರ್ ಲೇಸರ್. ಯಿಟರ್ಬಿಯಂ ಎಂಬ ಧಾತುವನ್ನು ಬೆರೆಸಿದ ತೆಳ್ಳನೆಯ ಗಾಜಿನ ಎಳೆಯೊಳಗೆ ಡಯೋಡುಗಳ ಬೆಳಕನ್ನು ತುಂಬುತ್ತಾರೆ. ಅಲ್ಲಿಂದ 1064 ನ್ಯಾನೊಮೀಟರ್ ತರಂಗದೂರದ ಕಿರಣ ಹೊರಡುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್ ತನಕ. ಅಂದರೆ ಇದು ಕಾಣದ ಅವಕೆಂಪು ಬೆಳಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಿರಣವು ಎಳೆಯ ಮೂಲಕ ಯಂತ್ರದ ತಲೆಗೆ ಬರುತ್ತದೆ. ಅಲ್ಲಿ ಬೆರಳುಗುರಿನಷ್ಟು ಸಣ್ಣ ಎರಡು ಕನ್ನಡಿಗಳಿವೆ. ಒಂದು ಕಿರಣವನ್ನು ಎಡ–ಬಲಕ್ಕೆ, ಇನ್ನೊಂದು ಹಿಂದೆ–ಮುಂದೆ ಹೊರಳಿಸುತ್ತದೆ. ಕಂಪ್ಯೂಟರ್ ಹೇಳಿದಂತೆ ಅವು ಕುಣಿಯುತ್ತವೆ. ಕೆಳಗೆ ಒಂದು ದಪ್ಪ ಮಸೂರವಿದೆ. ಸಾಮಾನ್ಯ ಯಂತ್ರಗಳಲ್ಲಿ ಅದರ ಸಂಗಮದೂರ ಸುಮಾರು 160 ಮಿಲಿಮೀಟರ್. ಹರಡಿದ ಕಿರಣವನ್ನು ಅದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಚುಕ್ಕೆಗೆ ಕೂಡಿಸುತ್ತದೆ. ಚುಕ್ಕೆ ಬಿದ್ದಲ್ಲಿ ಉಕ್ಕಿನ ಮೇಲ್ಮೈ ಕರಗಿ ಹಾರುತ್ತದೆ, ಇಲ್ಲವೇ ಕಾದು ಕಪ್ಪು ಪದರ ಕಟ್ಟುತ್ತದೆ.

ಇಷ್ಟೆಲ್ಲ ಮಾಡುವ ಯಂತ್ರದ ಸಾಮರ್ಥ್ಯ 20 ವ್ಯಾಟ್! ಮನೆಯ ಎಲ್‌ಇಡಿ ಟ್ಯೂಬ್‌ಲೈಟೂ ಸುಮಾರು ಅಷ್ಟೇ. ಹಾಗಾದರೆ ಟ್ಯೂಬ್‌ಲೈಟು ಉಕ್ಕನ್ನು ಏಕೆ ಸುಡುವುದಿಲ್ಲ? ವಿದ್ಯಾರ್ಥಿಗಳೇ, ಪೆನ್ಸಿಲ್ ಹಿಡಿಯಿರಿ. ಲೇಸರು ಒಂದೇ ಸಮನೆ ಉರಿಯುವುದಿಲ್ಲ, ತುಣುಕು ತುಣುಕಾಗಿ ಮಿಂಚುತ್ತದೆ. ಸೆಕೆಂಡಿಗೆ 20,000 ಮಿಂಚು ಎಂದಿಟ್ಟುಕೊಳ್ಳಿ. 20 ಜೌಲ್ ಶಕ್ತಿಯನ್ನು 20,000 ಮಿಂಚುಗಳಿಗೆ ಹಂಚಿದರೆ ಒಂದೊಂದಕ್ಕೆ ಜೌಲಿನ ಸಾವಿರದಲ್ಲಿ ಒಂದು ಪಾಲು. ಆದರೆ ಆ ಮಿಂಚು ಇರುವುದು ಸುಮಾರು 100 ನ್ಯಾನೊಸೆಕೆಂಡ್, ಅಂದರೆ ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲು ಮಾತ್ರ. ಭಾಗಿಸಿ ನೋಡಿ: ಆ ಕ್ಷಣದ ಸಾಮರ್ಥ್ಯ 10,000 ವ್ಯಾಟ್! ಅದೂ ಕೂದಲೆಳೆಯಷ್ಟು ಜಾಗದ ಮೇಲೆ.

‘ಮೇಂಟೆನೆನ್ಸ್ ಫ್ರೀ’ ಎಂಬ ಮಾತು

1990ರ ದಶಕದ ಲೇಸರ್ ಮಾರ್ಕಿಂಗ್ ಯಂತ್ರಗಳಲ್ಲಿ ಯಾಗ್ ಎಂಬ ಹರಳು ಇರುತ್ತಿತ್ತು. ಅದಕ್ಕೆ ಬೆಳಕು ಊಡಲು ಕ್ರಿಪ್ಟಾನ್ ದೀಪ. ಕೆಲವು ನೂರು ಗಂಟೆ ಉರಿದ ಮೇಲೆ ದೀಪ ಬದಲಿಸಬೇಕು, ಸುತ್ತ ಸದಾ ತಣ್ಣೀರು ಹರಿಯುತ್ತಿರಬೇಕು. ಫೈಬರ್ ಲೇಸರ್ ಬಂದ ಮೇಲೆ ದೀಪವೂ ಇಲ್ಲ, ಸಣ್ಣ ಯಂತ್ರಗಳಲ್ಲಿ ನೀರೂ ಇಲ್ಲ. ಸೋರ್ಸ್‌ನ ಆಯುಸ್ಸು ಒಂದು ಲಕ್ಷ ಗಂಟೆ ಎಂದು ಮಾರುವವರು ಹೇಳುತ್ತಾರೆ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿಸಿದರೂ 40 ವರ್ಷ ದಾಟುತ್ತದೆ! ‘ಮೇಂಟೆನೆನ್ಸ್ ಫ್ರೀ’ ಎಂದರೆ ಕೊಳ್ಳುವವರಿಗೆ ಕಿವಿ ತಂಪು.

ಆದರೆ ಒಂದು ಸೂಕ್ಷ್ಮವಿದೆ. ಉಳಿಯೂ ಡ್ರಿಲ್ಲೂ ಉಜ್ಜಿ ಉಜ್ಜಿ ಸವೆಯುತ್ತವೆ. ಲೇಸರ್ ಏನನ್ನೂ ಉಜ್ಜುವುದಿಲ್ಲ, ಆದ್ದರಿಂದ ಸವೆಯುವುದಿಲ್ಲ. ಬದಲಿಗೆ ಅದರ ಮೇಲೆ ಕೂರುತ್ತದೆ: ಧೂಳು, ಹೊಗೆ, ಜಿಡ್ಡು. ಜೊತೆಗೆ ಒಳಗೆ ಸೇರುತ್ತದೆ ಬಿಸಿ. ಲಕ್ಷ ಗಂಟೆಯ ಲೆಕ್ಕದಲ್ಲಿ ಇವಕ್ಕೆ ಜಾಗವಿಲ್ಲ.

ಒಂದೇ ಮೂಲೆ ಮಂಕಾದರೆ

ಶೆಡ್ಡಿನಲ್ಲಿ ನಾವು ಮಾಡಿದ್ದು ಮೂರು ಪರೀಕ್ಷೆ. ಮೊದಲು ಸಮತಟ್ಟಾದ ಸ್ಟೀಲ್ ತಗಡಿನ ಮೇಲೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಒಂದೇ ಅಳತೆಯ ಚೌಕಗಳನ್ನು ಬರೆಸಿದೆವು. ನಾಲ್ಕು ಚೆನ್ನಾಗಿಯೇ ಬಂದವು. ಎಡ ಮುಂದಿನದು ಮಾತ್ರ ಮಂಕು. ಐದಕ್ಕೂ ಬೆಳಕು ಕೊಡುವ ಸೋರ್ಸ್ ಒಂದೇ ತಾನೆ? ಅದು ಸೊರಗಿದ್ದರೆ ಐದೂ ಮಂಕಾಗಬೇಕಿತ್ತು. ಆದ್ದರಿಂದ ಸೋರ್ಸ್ ನಿರಪರಾಧಿ.

ಎರಡನೆಯದು ಎತ್ತರ. ಮಸೂರದ ಚೌಕಟ್ಟಿನಿಂದ ಮೇಜಿಗೆ ಇರುವ ದೂರವನ್ನು ನಾಲ್ಕು ಮೂಲೆಯಲ್ಲೂ ಸ್ಕೇಲಿನಿಂದ ಅಳೆದೆವು. ಮೇಜು ಒಂದು ಕಡೆ ವಾಲಿದ್ದರೆ ಅಲ್ಲಿ ಕಿರಣ ಸರಿಯಾಗಿ ಕೂಡುವುದಿಲ್ಲ. ಚುಕ್ಕೆಯ ಅಗಲ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ಬಿಸಿ ಕಾಲು ಭಾಗ. ಒಂದೆರಡು ಮಿಲಿಮೀಟರ್ ವ್ಯತ್ಯಾಸವೂ ಅಕ್ಷರದಲ್ಲಿ ಕಾಣುತ್ತದೆ. ಆದರೆ ಮೇಜು ಸಮನಾಗಿಯೇ ಇತ್ತು.

ಮೂರನೆಯದಕ್ಕೆ ಯಂತ್ರವನ್ನು ಪೂರ್ತಿ ಆರಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಮಸೂರವನ್ನು ಚೌಕಟ್ಟಿನಿಂದ ಹಿಡಿದು ಅರ್ಧ ಸುತ್ತು ಮಾತ್ರ ಸಡಿಲಿಸಿದೆವು. ಮತ್ತೆ ಐದು ಚೌಕ. ಈಗ ಎಡ ಮುಂದಿನದು ಚೆನ್ನಾಗಿ ಬಂದು, ಬಲ ಹಿಂದಿನದು ಮಂಕಾಯಿತು! ಮಸೂರ ತಿರುಗಿದಂತೆ ಮಂಕೂ ತಿರುಗಿತ್ತು. ಕಳ್ಳ ಸಿಕ್ಕಿದ.

ಯಂತ್ರ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಮಸೂರದ ಕೆಳಮೈಯಲ್ಲಿ ಎಣ್ಣೆಯ ತೆಳುಪೊರೆ. ಅದರ ಮೇಲೆ ಲೋಹದ ಹೊಗೆ ಕೂತು ಕಂದಿದೆ. ಇದು ಬಂದದ್ದು ಉದಾಸೀನದಿಂದಲ್ಲ ಎಂಬುದೇ ಸೋಜಿಗ. ಕೆಲಸಕ್ಕಿರುವ ಹುಡುಗ ದಿನಾ ಬೆಳಿಗ್ಗೆ ಭಕ್ತಿಯಿಂದ ಮಸೂರ ಒರೆಸುತ್ತಿದ್ದ. ಯಾವುದರಿಂದ? ಬನಿಯನ್ ವೇಸ್ಟಿನಿಂದ! ಪಕ್ಕದ ಲೇತಿನ ಎಣ್ಣೆ ಒರೆಸುವ ಬಟ್ಟೆಯ ಚೂರೇ ಅದು. ಅಕ್ಷರ ಮಂಕಾದಂತೆಲ್ಲ ನನ್ನ ವಿದ್ಯಾರ್ಥಿ ಪವರನ್ನು 50ರಿಂದ 70ಕ್ಕೆ, ಅಲ್ಲಿಂದ 90ಕ್ಕೆ ಏರಿಸಿದ್ದ. ಪೊರೆ ಇನ್ನಷ್ಟು ಬಿಸಿ ಹೀರಿ ಇನ್ನಷ್ಟು ಕಂದಿತ್ತು.

ಕ್ರಮವಾಗಿ ಶುಚಿ ಮಾಡಿದ ಮೇಲೆ ಐದೂ ಚೌಕ ಒಂದೇ ಸಮನೆ ಬಂದವು, ಅದೂ 50ರಲ್ಲೇ. ಆದರೆ ಸಾಸಿವೆ ಕಾಳಿನಷ್ಟು ಒಂದು ಕಲೆ ಹೋಗಲೇ ಇಲ್ಲ. ಅಲ್ಲಿ ಮಸೂರದ ಲೇಪವೇ ಸುಟ್ಟಿತ್ತು. ಲೋಟಗಳೇನೋ ಮದುವೆಗೆ ಹೊರಟವು. ಮುಂದೆ ಅವನು ಹೊಸ ಮಸೂರ ಕೊಳ್ಳಲೇಬೇಕಾಯಿತು. ಸೋರ್ಸ್‌ನ ಬೆಲೆಯ ಮುಂದೆ ಅದು ಚಿಲ್ಲರೆ. ಆದರೂ ತಪ್ಪಿಸಬಹುದಾಗಿದ್ದ ಖರ್ಚು.

ಆರೈಕೆಯ ಕ್ರಮ

ಇಂಥ ಯಂತ್ರವಿರುವವರಿಗೂ, ನಾಳೆ ಇದರ ಮುಂದೆ ನಿಲ್ಲಲಿರುವ ವಿದ್ಯಾರ್ಥಿಗಳಿಗೂ ಉಪಯೋಗವಾಗಲೆಂದು ಅಂದು ನಾವು ಕೂತು ಬರೆದ ಪಟ್ಟಿಯ ಸಾರ ಹೇಳುತ್ತೇನೆ. ತಯಾರಕರ ಕೈಪಿಡಿ ಬೇರೆ ಹೇಳಿದ್ದರೆ ಅದೇ ನಡೆಯಬೇಕು.

*ಮಸೂರ:* ದಿನವೂ ನೋಡಿ. ಕಾರಣವಿಲ್ಲದೆ ಒರೆಸಬೇಡಿ. ಮೊದಲು ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋಯರ್‌ನಿಂದ ಧೂಳು ಊದಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಇನ್ನೂ ಜಿಡ್ಡಿದ್ದರೆ, ಯಂತ್ರ ಆರಿ ತಣ್ಣಗಾದ ಮೇಲೆ, ಮಸೂರಕ್ಕೆಂದೇ ಇರುವ ಕಾಗದಕ್ಕೆ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಹಾಕಿ, ಒತ್ತದೆ ಒಂದೇ ದಿಕ್ಕಿಗೆ ಎಳೆಯಿರಿ. ಒಂದು ಎಳೆತಕ್ಕೆ ಒಂದು ಕಾಗದ. ಒಣಗಿದ ಬಟ್ಟೆ, ಪಂಚೆಯ ತುದಿ, ಬೆರಳು ಇವೆಲ್ಲ ನಿಷಿದ್ಧ. ಶಾಲೆಯ ಸೂಕ್ಷ್ಮದರ್ಶಕಕ್ಕೂ ಇದೇ ನಿಯಮ ಎಂಬುದು ನೆನಪಿರಲಿ. ಒಳಗಿನ ಎರಡು ಕನ್ನಡಿಗಳಿಗೆ ನೀವಾಗಿ ಕೈ ಹಾಕಲೇಬೇಡಿ, ಅದು ತಿಳಿದವರ ಕೆಲಸ.

*ಎತ್ತರ:* ಲೋಟದಿಂದ ತಟ್ಟೆಗೆ ಬದಲಾದಾಗಲೆಲ್ಲ ಎತ್ತರ ಮತ್ತೆ ಹೊಂದಿಸಬೇಕು. ಕೆಲವು ಯಂತ್ರಗಳಲ್ಲಿ ಎರಡು ಕೆಂಪು ಚುಕ್ಕೆಗಳಿದ್ದು, ಅವು ಒಂದಾದ ಕಡೆ ಸಂಗಮ. ಕಿವಿಯೂ ನೆರವಿಗೆ ಬರುತ್ತದೆ: ಸರಿಯಾದ ಎತ್ತರದಲ್ಲಿ ‘ಚರ್ರ್’ ಎಂಬ ಸದ್ದು ಅತಿ ಚುರುಕು. ನಮ್ಮ ಕನ್ನಡ ಲಿಪಿಯೂ ಒಳ್ಳೆಯ ಪರೀಕ್ಷಕ. ಸಣ್ಣ ಅಕ್ಷರದಲ್ಲಿ ‘ಕೃಷ್ಣ’ ಎಂದು ಬರೆಸಿ ನೋಡಿ. ಎತ್ತರ ಸ್ವಲ್ಪ ತಪ್ಪಿದರೂ ಮೊದಲು ತುಂಬಿಹೋಗುವುದು ಒತ್ತಕ್ಷರದ ಸಂದು.

*ಗಾಳಿ ಮತ್ತು ಬಿಸಿ:* ಸಣ್ಣ ಫೈಬರ್ ಯಂತ್ರವನ್ನು ತಂಪಾಗಿಡುವುದು ಫ್ಯಾನ್. ಅದರ ಜಾಲರಿ ಕಟ್ಟಿಕೊಂಡರೆ ಮನುಷ್ಯನಿಗೆ ಮೂಗು ಕಟ್ಟಿದಂತೆ. ರಸ್ತೆ ಬದಿಯ ಶೆಡ್ಡಿನಲ್ಲಿ ವಾರಕ್ಕೊಮ್ಮೆ ಜಾಲರಿ ಬಿಚ್ಚಿ ಹೊರಗೆ ಕೊಂಡೊಯ್ದು ಕೊಡವಬೇಕು. ಯಂತ್ರದ ಬೆನ್ನನ್ನು ಗೋಡೆಗೆ ಒತ್ತಿ ಇಡಬಾರದು. ನೀರಿನಿಂದ ತಂಪಾಗುವ ಯಂತ್ರವಾದರೆ ಭಟ್ಟಿ ಇಳಿಸಿದ ನೀರನ್ನೇ ಹಾಕಿ, ಪಾಚಿ ಕಟ್ಟುವ ಮೊದಲು ಬದಲಿಸಬೇಕು. ಕೊಳವೆಬಾವಿ ನೀರಿನ ಗಡಸು ಒಳಗೆ ಸುಣ್ಣ ಕಟ್ಟುತ್ತದೆ.

*ವಿದ್ಯುತ್ತು:* ಅರ್ಥಿಂಗ್ ಸರಿಯಿಲ್ಲದ ಕಡೆ ಯಂತ್ರ ಇಡಬೇಡಿ. ಅದು ಯಂತ್ರದ ವಿದ್ಯುನ್ಮಂಡಲಕ್ಕೂ ಒಳ್ಳೆಯದಲ್ಲ, ನಿಮ್ಮ ಜೀವಕ್ಕೂ ಒಳ್ಳೆಯದಲ್ಲ. ಇದ್ದಿಲು–ಉಪ್ಪಿನ ಗುಂಡಿಯಾದರೆ ಬೇಸಿಗೆಯಲ್ಲಿ ನೀರು ಹಾಕಿ ತೇವ ಇಡಿ. ಕರೆಂಟು ಹೋಗಿ ಬರುವ ಜಾಗದಲ್ಲಿ ಯುಪಿಎಸ್ ಬೇಕು.

*ಗಾಜಿನ ಎಳೆ:* ಸೋರ್ಸ್‌ನಿಂದ ತಲೆಗೆ ಹೋಗುವ ಕೇಬಲ್ಲನ್ನು ಮಡಚಬೇಡಿ, ಅದರ ಮೇಲೆ ಭಾರ ಇಡಬೇಡಿ. ಬೆಳಕು ಅದರೊಳಗೆ ಸಾಗುವುದು ಪೂರ್ಣ ಆಂತರಿಕ ಪ್ರತಿಫಲನದಿಂದ. ಬಾಗು ಅತಿಯಾದರೆ ಕೋನ ತಪ್ಪಿ ಬೆಳಕು ಸೋರುತ್ತದೆ, ಸೋರಿದ ಕಡೆ ಎಳೆ ಸುಟ್ಟೀತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ನಿಯಮ ಇಲ್ಲಿ ದುಡ್ಡು ಉಳಿಸುತ್ತದೆ!

*ಹೊಗೆ:* ಲೋಹದ ಹೊಗೆ ಮಸೂರಕ್ಕೂ ಶ್ವಾಸಕೋಶಕ್ಕೂ ಕೆಟ್ಟದ್ದು. ಎಳೆದು ಹೊರಹಾಕುವ ವ್ಯವಸ್ಥೆ ಬೇಕೇ ಬೇಕು. ಪಿವಿಸಿ ಪ್ಲಾಸ್ಟಿಕ್ ಮೇಲೆ ಎಂದೂ ಬರೆಸಬೇಡಿ. ಅದರಲ್ಲಿ ಕ್ಲೋರಿನ್ ಇದೆ. ಬಿಸಿಗೆ ಹೊರಡುವ ಹೈಡ್ರೋಜನ್ ಕ್ಲೋರೈಡ್ ತೇವದೊಂದಿಗೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಯಂತ್ರಕ್ಕೆ ತುಕ್ಕು, ಎದೆಗೆ ಕೆಮ್ಮು.

*ದಾಖಲೆ:* ಯಂತ್ರ ಚೆನ್ನಾಗಿರುವಾಗಲೇ ಅದರ ಹೊಂದಾಣಿಕೆಯ ಕಡತಗಳನ್ನು ಇನ್ನೊಂದು ಕಡೆ ನಕಲು ಮಾಡಿಡಿ. ಪ್ರತಿ ಸೋಮವಾರ ಒಂದೇ ಬಗೆಯ ತಗಡಿನ ಮೇಲೆ, ಒಂದೇ ಪವರಿನಲ್ಲಿ ಐದು ಚೌಕ ಮತ್ತು ಆ ದಿನದ ತಾರೀಖು ಬರೆಸಿ. ಹೋದ ವಾರದ ತಗಡಿನ ಪಕ್ಕ ಇಟ್ಟು ನೋಡಿ. ಪವರ್ ಏರಿಸಬೇಕೆನಿಸಿದರೆ ಮೊದಲು ಕೈ ತಡೆದು, ಏಕೆ ಏರಿಸಬೇಕಾಗಿದೆ ಎಂದು ಕೇಳಿಕೊಳ್ಳಿ.

ಕಾಣದ ಬೆಳಕು, ಕಾಣುವ ಕಣ್ಣು

ಇಷ್ಟರಲ್ಲೇ ಮುಗಿದಿದ್ದರೆ ನಾನು ನೆಮ್ಮದಿಯಿಂದ ಕಾಫಿ ಕುಡಿದು ಮನೆಗೆ ಬರುತ್ತಿದ್ದೆ. ಆದರೆ ಪರೀಕ್ಷೆಯ ನಡುವೆಯೇ ನನ್ನ ಎದೆ ಧಸಕ್ಕೆನ್ನುವ ಸಂಗತಿಯೊಂದನ್ನು ಕಂಡಿದ್ದೆ. ಯಂತ್ರಕ್ಕೆ ಸುತ್ತಲೂ ಪೆಟ್ಟಿಗೆ, ಮುಂದೆ ಬಾಗಿಲು ಇದೆ. ಬಾಗಿಲು ತೆರೆದರೆ ಕಿರಣ ತಾನಾಗಿ ನಿಲ್ಲುವಂತೆ ಒಂದು ಸ್ವಿಚ್ಚಿದೆ. ಆ ಸ್ವಿಚ್ಚಿನ ಮೇಲೆ ಕಪ್ಪು ಟೇಪು ಸುತ್ತಿ ಅದುಮಿಡಲಾಗಿತ್ತು! ಬಾಗಿಲು ತೆರೆದು ಮುಚ್ಚುವ ಒಂದೆರಡು ಸೆಕೆಂಡು ಉಳಿಸಲು ಮಾಡಿದ ಉಪಾಯ. ತೆರೆದ ಬಾಗಿಲಿನ ಮುಂದೆ ಆ ಹುಡುಗ, ಹದಿನೆಂಟು ವಯಸ್ಸಿರಬಹುದು, ಅಕ್ಷರ ಹೇಗೆ ಬರುತ್ತಿದೆಯೆಂದು ತಲೆ ಬಗ್ಗಿಸಿ ನೋಡಲು ಹೊರಟ. ಕಣ್ಣಿಗೆ ಏನೂ ಇಲ್ಲ.

“ನಿಲ್ಲಿಸು” ಎಂದು ಕೂಗಿದೆ. ತರಗತಿಯಲ್ಲಿ ಕೂಡ ಅಷ್ಟು ಜೋರಾಗಿ ಕೂಗಿದವನಲ್ಲ.

“ಏನೂ ಆಗಲ್ಲ ಸಾರ್, ದಿನಾ ನೋಡ್ತೀನಿ” ಎಂದ ಹುಡುಗ.

ಈ ಮಾತೇ ಅತ್ಯಂತ ಅಪಾಯಕಾರಿ. ಕಾಣುವ ಬೆಳಕು ಪ್ರಖರವಾದರೆ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಪ್ರಕೃತಿ ಕೊಟ್ಟ ಕಾವಲು ಅದು. ಆದರೆ 1064 ನ್ಯಾನೊಮೀಟರಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ರೆಪ್ಪೆ ಅಲುಗುವುದಿಲ್ಲ. ಕಾಣದಿದ್ದರೂ ಅದು ಕಣ್ಣೊಳಗೆ ಸಲೀಸಾಗಿ ಹೊಗುತ್ತದೆ. ಯಂತ್ರದ ಮಸೂರ ತಗಡಿನ ಮೇಲೆ ಮಾಡುವ ಕೆಲಸವನ್ನು ನಮ್ಮ ಕಣ್ಣಿನ ಮಸೂರ ಅಕ್ಷಿಪಟಲದ ಮೇಲೆ ಮಾಡುತ್ತದೆ. ಪಾಪೆಯ ಮೇಲೆ ಬಿದ್ದದ್ದಕ್ಕಿಂತ ಅಲ್ಲಿ ಸುಮಾರು ಒಂದು ಲಕ್ಷ ಪಟ್ಟು ಸಾಂದ್ರವಾಗುತ್ತದೆ. ಅಕ್ಷಿಪಟಲದಲ್ಲಿ ನೋವಿನ ಅರಿವು ಇಲ್ಲ. ಸುಟ್ಟದ್ದು ಆಗ ತಿಳಿಯುವುದಿಲ್ಲ, ಮತ್ತೆ ಚಿಗುರುವುದೂ ಇಲ್ಲ. ಹೊಳೆಯುವ ಲೋಟದ ಬಾಗಿದ ಮೈಯಿಂದ ಚಿಮ್ಮಿದ ಒಂದು ಪ್ರತಿಫಲನವೂ ಸಾಕಾದೀತು. ಇಂಥ ಲೇಸರುಗಳನ್ನು ನಾಲ್ಕನೆಯ ವರ್ಗಕ್ಕೆ, ಅಂದರೆ ಅತ್ಯಂತ ಅಪಾಯದ ವರ್ಗಕ್ಕೆ ಸೇರಿಸಿರುವುದು ಇದಕ್ಕೇ.

ಕಪ್ಪು ಕನ್ನಡಕ ಹಾಕಿಕೊಂಡರೆ ಸಾಲದು. ಸಾದಾ ಪಾರದರ್ಶಕ ಅಕ್ರಿಲಿಕ್ ಹಾಳೆಯ ಮೂಲಕ ಈ ಕಿರಣ ಹಾದುಬರುತ್ತದೆ. ಕನ್ನಡಕದ ಮೇಲೆ 1064 ನ್ಯಾನೊಮೀಟರಿಗೆ ಎಂದು ಬರೆದಿರಬೇಕು, ಪಕ್ಕದಲ್ಲಿ ಓ.ಡಿ. ಎಂಬ ಅಳತೆ ಇರಬೇಕು. ಓ.ಡಿ. 6 ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ಒಳಬಿಡುತ್ತದೆ ಎಂದರ್ಥ. ಇಂಗಾಲದ ಡೈ ಆಕ್ಸೈಡ್ ಲೇಸರಿನ ಕನ್ನಡಕ ಬೇರೆ, ಇದರದು ಬೇರೆ. ಅದಲು ಬದಲಾದರೆ ಪ್ರಯೋಜನವಿಲ್ಲ. ಎಲ್ಲಕ್ಕಿಂತ ಮೊದಲ ರಕ್ಷಣೆ ಮುಚ್ಚಿದ ಬಾಗಿಲು, ಟೇಪಿಲ್ಲದ ಸ್ವಿಚ್ಚು. ಜಾತ್ರೆಯಲ್ಲಿ ಮಾರುವ ಲೇಸರ್ ಆಟಿಕೆಗಳನ್ನು ಮಕ್ಕಳು ಒಬ್ಬರ ಮುಖಕ್ಕೊಬ್ಬರು ಹಿಡಿಯುತ್ತಾರಲ್ಲ, ಪಾಲಕರು ಅದನ್ನೂ ತಡೆಯಬೇಕು.

ನನ್ನ ವಿದ್ಯಾರ್ಥಿ ತಲೆ ತಗ್ಗಿಸಿದ. “ಮದುವೆ ಸೀಸನ್ ಸಾರ್, ಬೇಗ ಆಗಲಿ ಅಂತ...” ಎಂದ. ನಾನು ಬೈಯಲಿಲ್ಲ. ಹಳೆಯ ವಿದ್ಯಾರ್ಥಿ, ಈಗ ಯಜಮಾನ. “ಮಸೂರ ಸುಟ್ಟರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ” ಎಂದಷ್ಟೇ ಹೇಳಿದೆ. ಅವನೇ ಎದ್ದು ಟೇಪನ್ನು ಕಿತ್ತು ಹಾಕಿದ. ಹುಡುಗನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸುವುದಾಗಿ ಒಪ್ಪಿಕೊಂಡ, ಆ ವಾರವೇ ಮಾಡಿಸಿದ ಕೂಡ. ತೊಂದರೆಯೇನೂ ಆಗಿರಲಿಲ್ಲ.

ಪಾಲಕರಿಗೆ ಒಂದು ಮಾತು

‘ರಿಪೇರಿ ಕೆಲಸ’ ಎಂದರೆ ನಮ್ಮಲ್ಲಿ ಮೂಗು ಮುರಿಯುವವರೇ ಹೆಚ್ಚು. ಮಗ ಯಂತ್ರ ಕಂಡುಹಿಡಿಯಲಿ ಎಂದು ಆಸೆಪಡುತ್ತೇವೆ, ಯಂತ್ರ ನೋಡಿಕೊಳ್ಳಲಿ ಎಂದು ಯಾರೂ ಹರಸುವುದಿಲ್ಲ. ಆದರೆ ಬೆಂಗಳೂರಿನಲ್ಲಿ ಪೀಣ್ಯದಿಂದ ಹಿಡಿದು ನಮ್ಮ ಅಡ್ಡಬೀದಿಯ ಶೆಡ್ಡಿನವರೆಗೆ ಯಂತ್ರಗಳು ನಡೆಯುತ್ತಿರುವುದು ನೋಡಿಕೊಳ್ಳುವವರಿಂದ. ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳಿಗೆ ಐಟಿಐಗಳಿವೆ. ಡೆನ್ಮಾರ್ಕ್ ದೇಶದ ಸಹಕಾರದಿಂದ 1972ರಲ್ಲಿ ಆರಂಭವಾದ, ಜಿಟಿಟಿಸಿ ಎಂದೇ ಹೆಸರಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ಡಿಪ್ಲೊಮಾ ಇದೆ. ಮಸೂರ, ಪ್ರತಿಫಲನ, ಅರ್ಥಿಂಗ್, ಆಮ್ಲ ಇವೆಲ್ಲ ಪರೀಕ್ಷೆ ಮುಗಿದ ಮೇಲೆ ಮರೆಯುವ ಪಾಠಗಳಲ್ಲ ಎಂಬುದು ಅಲ್ಲಿ ತಿಳಿಯುತ್ತದೆ.

ಆ ಭಾನುವಾರ ನಾವು ಮಾಡಿದ್ದು ದೊಡ್ಡ ಸಂಶೋಧನೆಯೇನಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಯಿತೆಂದು ನೋಡಿ ಬರೆದೆವು. ಪ್ರಯೋಗಾಲಯದ ರೆಕಾರ್ಡ್ ಪುಸ್ತಕದಲ್ಲಿ ನೀವು ಬೇಸರದಿಂದ ತುಂಬುವ ಉದ್ದೇಶ, ವಿಧಾನ, ವೀಕ್ಷಣೆ, ತೀರ್ಮಾನಗಳೇ ಅವು.

ಎರಡು ತಿಂಗಳ ಮೇಲೆ, ಶಾಲೆಯ ವಾರ್ಷಿಕೋತ್ಸವದ ಬಹುಮಾನದ ಲೋಟಗಳಿಗೆ ಹೆಸರು ಹಾಕಿಸಲು ಮತ್ತೆ ಅಲ್ಲಿಗೆ ಹೋಗಿದ್ದೆ. ಗೋಡೆಯ ಮೊಳೆಗೆ ತಂತಿ ಕಟ್ಟಿ ಎಂಟು ಸೋಮವಾರಗಳ ಎಂಟು ತಗಡುಗಳನ್ನು ನೇತು ಹಾಕಿದ್ದರು. ಪಕ್ಕದಲ್ಲಿ ನೂರು ಪುಟದ ನೋಟ್‌ಬುಕ್, ಅದರ ತುಂಬ ಆ ಹುಡುಗನ ಬರಹ: ‘ಫ್ಯಾನ್ ಜಾಲರಿ ಕೊಡವಿದೆ. ಮಸೂರ ನೋಡಿದೆ, ಒರೆಸಲಿಲ್ಲ. ಬಾಗಿಲ ಸ್ವಿಚ್ಚು ಸರಿ ಇದೆ.’ ಹುಡುಗ ಕನ್ನಡಕ ಹಾಕಿಕೊಂಡು ಬಂದು ಬಾಗಿಲು ಮುಚ್ಚಿದ. “ಸಾರ್, ಸ್ವಲ್ಪ ಹಿಂದೆ ನಿಂತ್ಕೊಳ್ಳಿ” ಎಂದ.

ನಾನು ಮಾತಾಡದೆ ಹಿಂದೆ ಸರಿದು ನಿಂತೆ.